ಟ್ರಂಕಿನಲ್ಲಿದ್ದ ತಪ್ಪುಕಾಣಿಕೆ

1958ನೇ ಇಸವಿ ಮಾರ್ಚ್ 12, ಬುಧವಾರ. ಬೆಳಿಗ್ಗೆ ಎಂಟೂವರೆಗೆ ನಾಗರಾಜಪ್ಪ ಏದುಸಿರು ಬಿಡುತ್ತ ಶಿಕಾರಿಪುರ ಠಾಣೆಗೆ ಬಂದ. ಮನಸ್ಸು ಕೆಟ್ಟವರನ್ನೂ ಕುಡಿತಕ್ಕೆ ಬಿದ್ದವರನ್ನೂ ಇಟ್ಟುಕೊಂಡು ನೋಡುವ ಆರೈಕೆ ಮನೆಗೆ ಅವನೇ ಮ್ಯಾನೇಜರು. ಅದರ ಖರ್ಚೆಲ್ಲ ಸೊರಬದ ಗೌರೀಶಂಕರ ಹೆಗಡೆಯವರ ದಾನ. ಅಲ್ಲಿನ ಟ್ರಂಕು ರಾತ್ರಿ ಕಳುವಾಗಿತ್ತು.

"ಒಳಗೇನಿತ್ತು?" ಇನ್ಸ್‌ಪೆಕ್ಟರ್ ಮಹೇಶ್ವರಪ್ಪ ಕೇಳಿದರು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಆಸಾಮಿ.

"ಹೆಗಡೇರು ಕಳಿಸಿದ್ದ ಮುನ್ನೂರು ರೂಪಾಯಿ. ಮತ್ತೆ ವಾಸಿಯಾಗಿ ಹೋದೋರ ಹೆಸರಿನ ಪುಸ್ತಕ. ಭಾನುವಾರ ಸಭೆ ಐತಿ ಸಾರ್. ಒಬ್ಬೊಬ್ಬರ ಹೆಸರು, ಊರು ಕೂಗಿ ಹೆಗಡೇರು ಸೀರೆ ಪಂಚೆ ಕೊಡ್ತಾರೆ. ಪುಸ್ತಕ ಇಲ್ದೆ ಅಷ್ಟು ಹೆಸರು ನಂಗೆಲ್ಲಿ ನೆನಪಿರ್ತಾವೆ?"

ಎಫ್.ಐ.ಆರ್. ಬರೆದು ಮುಗಿಯುವಷ್ಟರಲ್ಲಿ ದಫೇದಾರ್ ಆನಂದಪ್ಪ ಸೈಕಲ್ಲಿನಲ್ಲಿ ಸುದ್ದಿ ತಂದ. ಟ್ರಂಕು ಈಸೂರು ದಾರಿಯ ಚೌಡಮ್ಮನ ಗುಡಿಕಟ್ಟೆಯ ಮೇಲಿತ್ತು, ಬೀಗ ಮುರಿದಿತ್ತು. ಹತ್ತು ಗಂಟೆಗೆ ಅಲ್ಲೇ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಪುಸ್ತಕ ಇರಲಿಲ್ಲ, ದುಡ್ಡು ಇತ್ತು.

"ಸಾರ್, ಒಂದೂಕಾಲು ರೂಪಾಯಿ ಜಾಸ್ತಿ ಐತಿ," ಎಣಿಸಿದ ಆನಂದಪ್ಪ ಹೇಳಿದ.

"ಸರಿಯಾಗಿ ಎಣಿಸಯ್ಯ. ಕಳ್ಳ ಏನು ಬಡ್ಡಿ ಕಟ್ಟಿ ಹೋದ್ನಾ?"

ಜಾಸ್ತಿ ಇದ್ದದ್ದು ಅರಿಸಿನ ಮೆತ್ತಿದ ಬಟ್ಟೆಯ ಗಂಟಿನಲ್ಲಿತ್ತು. ಮಹೇಶ್ವರಪ್ಪ ಮೂಸಿ ನೋಡಿದರು. ತಪ್ಪುಕಾಣಿಕೆ. ಧರ್ಮದ ದುಡ್ಡು ಮುಟ್ಟಿದ್ದಕ್ಕೆ ದೇವರಿಗೆ ಹೆದರಿ ಕಟ್ಟಿಟ್ಟದ್ದು. ಅರಿಸಿನವೂ ಅಂಗಡಿಯ ನುಣ್ಣನೆ ಪುಡಿಯಲ್ಲ, ಮದುವೆಮನೆಯ ಒರಳಲ್ಲಿ ಈಗಷ್ಟೇ ಕುಟ್ಟಿದ ತರಿ.

"ನಾಗರಾಜಪ್ಪ, ಸಭೆ ಬ್ಯಾಡ ಅಂದೋರು ಯಾರಾದ್ರೂ ಇದ್ರಾ?"

"ಈಸೂರು ಉಜ್ಜಪ್ಪ ಬಂದಿದ್ದ ಸಾರ್. ಹೆಂಡತಿ ಹೆಸರು ಕೂಗಬ್ಯಾಡಿ ಅಂದ. ವಾಸಿಯಾದೋರ್ನ ಕಣ್ಣಾರೆ ಕಂಡ್ರೆ ಇನ್ನೂ ನಾಕು ಜನ ದುಡ್ಡು ಕೊಡ್ತಾರೆ, ಹೆಗಡೇರು ಬಿಡಲ್ಲ ಅಂತ ಕಳಿಸಿದೆ."

"ಇದನ್ನ ಬೆಳಿಗ್ಗೆನೇ ಬೊಗಳೋಕೆ ಏನಾಗಿತ್ತು ನಿಂಗೆ?"

ಮಧ್ಯಾಹ್ನ ಮೂರಕ್ಕೆ ಮಹೇಶ್ವರಪ್ಪ, ಆನಂದಪ್ಪ ಮಫ್ತಿಯಲ್ಲಿ ಈಸೂರಿಗೆ ಹೋದರು. ಉಜ್ಜಪ್ಪನ ಮನೆ ಮುಂದೆ ಚಪ್ಪರದ ಕಂಬ ನೆಟ್ಟಿದ್ದರು. ಅವನ ಹೆಂಡತಿ ಹುಲಿಗೆಮ್ಮ ಜಗುಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಬಂದವರು ಬೀಗರ ಕಡೆಯವರೆಂದು ತಿಳಿದು ನಕ್ಕು ಚಾಪೆ ಹಾಸಿದಳು. ಉಜ್ಜಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ತಾನೇ ಹಿತ್ತಲಿಗೆ ನಡೆದ. ಇವರೂ ಹಿಂದೆಯೇ ಹೋದರು.

"ಪುಸ್ತಕ ಎಲ್ಲಿ?"

"ಒಲಿಗೆ ಹಾಕ್ದೆ. ಓದಾಕೆ ಬರಲ್ಲ ಸಾಹೇಬ್ರ. ಬಂದಿದ್ರೆ ಅವಳ ಹಾಳಿ ಒಂದೇ ಹರೀತಿದ್ದೆ."

ನಾಲ್ಕು ಗಂಟೆಗೆ ದಸ್ತಗಿರಿ. ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಅವನು ಕೈಮುಗಿದ.

"ದುಡ್ಡಿನ ಆಸೆಗೆ ಕದ್ದ ಅಂತ ಬರ್ಕಳ್ರಿ. ಕುಬಟೂರಿನ ಬೀಗರು ಕೇಳಿದ್ರೂ ಅಷ್ಟೇ ಹೇಳ್ರಿ. ಕಳ್ಳನ ಮಗಳ್ನ ಯಾರಾರ ತಗಂಡಾರು. ಹುಚ್ಚಿಯ ಮಗಳ್ನ ಯಾರೂ ತಗಳಲ್ಲ."

"ಆಯಮ್ಮ ವಾಸಿಯಾಗಿದಾಳಲ್ಲೋ."

"ಅದು ನಂಗೊತ್ತು, ನಿಮಗೊತ್ತು."

ಮಹೇಶ್ವರಪ್ಪನವರಿಗೆ ಬೈಗುಳ ಬಾಯಿಗೆ ಬಂತು. ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಕಾರಣದ ಜಾಗದಲ್ಲಿ ಅವರು 'ಮಗಳ ಮದುವೆ' ಎಂದು ಎರಡೇ ಪದ ಬರೆದು ಸಹಿ ಹಾಕಿದರು. ಮ್ಯಾಜಿಸ್ಟ್ರೇಟರು ಖರ್ಚಿಗೆ ಕದ್ದ ಎಂದು ಓದಿಕೊಂಡರೆ ಓದಿಕೊಳ್ಳಲಿ.