ಏಜೆಂಟನಿಗೆ ಹೇಳಿದ ಮಾತು

"ತೂಕ ಎಷ್ಟ್ರಿ?" ಎಂದು ಶಿವಯೋಗಿ ಕೇಳಿದ.

ವೈಶಾಲಿ ಬಾಯಿ ತೆರೆಯುವಷ್ಟರಲ್ಲಿ ಅವಳ ಅವ್ವ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ಐವತ್ತೆರಡ ಕೆ.ಜಿ. ರೀ. ಜರ್ಮನಿಯಾಗ ಬ್ರೆಡ್ ತಿಂದು ತಿಂದು ಸೊರಗ್ಯಾಳ. ಮನಿ ರೊಟ್ಟಿ ತಿಂದ್ರ ತುಂಬಿಕೋತಾಳ."

"ಉದ್ಯೋಗ?"

"ರೊಟ್ಟಿ ಛಲೋ ಬಡೀತಾಳ್ರಿ!"

ಅಲ್ಲ, ಇನ್ಶೂರೆನ್ಸ್ ಏಜೆಂಟನಿಗೆ ಯಾರಾದರೂ ಹೀಗೆ ಉತ್ತರ ಕೊಡುತ್ತಾರೆಯೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು. ವೈಶಾಲಿಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಶಿವಯೋಗಿ ಮಾತ್ರ ಮೀಸೆಯೊಳಗೇ ನಗುತ್ತ ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡಿಕೊಂಡ.

ವೈಶಾಲಿ ಜರ್ಮನಿಯಲ್ಲಿ ಟೆಕ್ಸ್‌ಟೈಲ್ ಡಿಸೈನ್ ಓದಿ ಬನಹಟ್ಟಿಗೆ ಮರಳಿದ್ದಳು. ಅಲ್ಲಿ ವಿದ್ಯಾರ್ಥಿ ವಿಮೆಯ ಕಾರ್ಡ್ ತೋರಿಸಿದರೆ ಡಾಕ್ಟರು, ಔಷಧಿ ಎಲ್ಲ ನಡೆಯುತ್ತಿತ್ತು. ಡಿಗ್ರಿ ಮುಗಿಯಿತು, ಕಾರ್ಡೂ ಮುಗಿಯಿತು. ಈಗ ಊರಿನ ಮಗ್ಗದವರಿಗೆ ಸೀರೆಯ ಡಿಸೈನ್ ಮಾಡಿಕೊಡುತ್ತಾಳೆ. ಕಂಪನಿ ಇಲ್ಲ, ಹಾಗಾಗಿ ಕಂಪನಿ ಕೊಡುವ ವಿಮೆಯೂ ಇಲ್ಲ. ಆನ್‌ಲೈನಿನಲ್ಲಿ ಕಡಿಮೆ ಖರ್ಚಿನ ಪಾಲಿಸಿ ಹುಡುಕಲು ಹೋಗಿ ಕೋ-ಪೇ, ರೂಮ್ ರೆಂಟ್, ವೇಟಿಂಗ್ ಪೀರಿಯಡ್ ಎಂದು ಓದಿ ಓದಿ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಅವಳ ಅಪ್ಪನೇ ಜಮಖಂಡಿಯಿಂದ ಈ ಶಿವಯೋಗಿಯನ್ನು ಕರೆಸಿದ್ದ.

ವಿಮೆ ಅವಳಿಗೆ ಬೇಕೇ ಬೇಕಿತ್ತು. ಜರ್ಮನಿಯಲ್ಲಿದ್ದಾಗ ಒಮ್ಮೆ ಲೈಬ್ರರಿಯಲ್ಲಿ ಫಿಟ್ಸ್ ಬಂದು ಬಿದ್ದಿದ್ದಳು. ಅಂದಿನಿಂದ ದಿನವೂ ಗುಳಿಗೆ. ಆಮೇಲೆ ಮತ್ತೆ ಬಂದಿರಲಿಲ್ಲ, ನಿಜ. ಆದರೆ ಈ ಸಂಗತಿ ಮನೆಯ ಹೊರಗೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು. ಗೊತ್ತಾದರೆ ಹುಡುಗಿಯನ್ನು ಯಾರು ಕೇಳುತ್ತಾರೆ? ಅದರಲ್ಲೂ ಈ ಶಿವಯೋಗಿಯ ಸೋದರತ್ತೆ ಮುಧೋಳದ ಮುತ್ತವ್ವ. ಸುತ್ತಲಿನ ಊರುಗಳ ಲಗ್ನಗಳಲ್ಲಿ ಅರ್ಧಕ್ಕರ್ಧ ಆಕೆಯ ಕೈಯಲ್ಲೇ ಕುದುರಿದ್ದು. ಏಜೆಂಟನ ಕಿವಿಗೆ ಬಿದ್ದರೆ ಅತ್ತೆಯ ಕಿವಿಗೆ ಬಿದ್ದ ಹಾಗೇ ಎಂದು ಅವ್ವನ ಲೆಕ್ಕ.

"ಒಬ್ಬರಿಗೇ ತಗೊಂಡ್ರ ತುಟ್ಟಿ ಬೀಳತೈತ್ರಿ," ಎಂದ ಶಿವಯೋಗಿ. "ಗಂಡಾ ಹೆಂಡ್ತಿ ಕೂಡಿ ಒಂದ ಪಾಲಿಸಿ ತಗೊಂಡ್ರ ಸ್ವಸ್ತ."

"ನನಗ ಗಂಡ ಇಲ್ಲಲ್ರೀ."

"ಅದನ್ನೂ ಬರಕೊಂಡೇನ್ರಿ," ಎಂದು ಕಣ್ಣೆತ್ತಿ ನೋಡಿದ.

ಆ ನೋಟ ಒಂದು ಗಳಿಗೆ ಹೆಚ್ಚೇ ನಿಂತಿತು. ವೈಶಾಲಿಗೆ ಕೆನ್ನೆ ಬಿಸಿಯಾಯಿತು. ಇದು ಪಾಲಿಸಿ ಮಾರುವ ಮಾತೋ, ಇನ್ನೇನೋ? ಅವಳಿಗೆ ಒಂದೂ ತಿಳಿಯಲಿಲ್ಲ.

"ಮೊದಲಿಂದ ಏನರ ಕಾಯಿಲೆ ಐತೇನ್ರಿ?"

"ಏನೇನೂ ಇಲ್ಲ!" ಅವ್ವ ಚುರುಮುರಿ ಸೂಸಲದ ತಟ್ಟೆ ಹಿಡಿದು ಹೊರಗೇ ಬಂದಳು. "ಹುಡುಗಿ ಗುಂಡಕಲ್ಲ ಇದ್ದಂಗ ಅದಾಳ."

"ನೋಡ್ರಿ ಅವ್ವಾರ, ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ಇನ್ಶೂರೆನ್ಸ್‌ಗೆ ಒಂದು ಸುಳ್ಳೂ ನಡಿಯಂಗಿಲ್ಲ. ನಾಳೆ ದವಾಖಾನಿ ಬಿಲ್ ಕೊಡೂ ಹೊತ್ತಿನ್ಯಾಗ ಕಂಪನಿ ಕೈ ಎತ್ತತೈತಿ."

ವೈಶಾಲಿಯ ಗಂಟಲಲ್ಲಿ ಬಿಸಿತುಪ್ಪ. ಹೇಳಿದರೆ ಈ ಕಣ್ಣುಗಳು ಮತ್ತೆ ಹೀಗೆ ನೋಡುವುದಿಲ್ಲ, ಹೇಳದಿದ್ದರೆ ಪಾಲಿಸಿ ಬರೀ ಕಾಗದ. ಶಿವಯೋಗಿ ಸೂಸಲ ತಿಂದು ಎದ್ದ. ಅವನು ಗೇಟಿನ ಹೊರಗೆ ಬೈಕಿಗೆ ಕೀಲಿ ಹಾಕುವಾಗ ವೈಶಾಲಿ ಓಡಿಬಂದಳು.

"ನನಗ ಫಿಟ್ಸ್ ಅದಾವ್ರಿ. ಗುಳಿಗಿ ತಗೋತೀನಿ. ಅವ್ವ ಹೇಳಿದ್ದು ಸುಳ್ಳು."

ಅವನ ಮುಖದ ನಗು ಇಳಿದುಹೋಯಿತು. "ಆತ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ವಾರ ಕಳೆದರೂ ಫೋನಿಲ್ಲ, ಮೆಸೇಜಿಲ್ಲ. ಸಂಗತಿ ತಿಳಿದು ಅವ್ವ ಹಣೆ ಹಣೆ ಬಡಿದುಕೊಂಡಳು. "ಎಂಥಾ ಕೆಲಸ ಮಾಡಿದ್ಯೇ ಹುಡುಗಿ! ಮುಧೋಳತನಕ ಡಂಗುರ ಆಗೇತೀಗ."

ಡಂಗುರಕ್ಕೆ ವೈಶಾಲಿ ಹೆದರಲಿಲ್ಲ. ಮನೆಯ ಮುಂದೆ ಬೈಕಿನ ಸದ್ದಾದಾಗಲೆಲ್ಲ ಡಿಸೈನ್ ಬಿಟ್ಟು ಎದ್ದು ನೋಡುತ್ತಿದ್ದಳಲ್ಲ, ಅದು ಯಾಕೆ ಎಂದು ಅವಳಿಗೇ ಅರ್ಥವಾಗಲಿಲ್ಲ. ಒಮ್ಮೆ ನೋಡಿದವನ ಮೇಲೆ ಇಷ್ಟು ಸಿಟ್ಟು ಬರುತ್ತದೆಯೇ? ಸಿಟ್ಟೇ ಆಗಿದ್ದರೆ ಅಳು ಯಾಕೆ ಬರಬೇಕು?

ಮುಂದಿನ ಸೋಮವಾರ ಅವನು ಬಂದ. ಗಡ್ಡ ಬೆಳೆದಿತ್ತು.

"ಎರಡು ಕಂಪನಿ ಒಲ್ಲೆ ಅಂದ್ವು. ಮೂರನೇದ್ದು ಒಪ್ಪೇತಿ. ಪ್ರೀಮಿಯಂ ಸ್ವಲ್ಪ ಜಾಸ್ತಿ, ಆದ್ರ ನಿಮ್ಮ ಕೈಗೆ ಎಟಕತೈತ್ರಿ. ಫಿಟ್ಸ್ ಖರ್ಚಿಗೆ ಮಾತ್ರ ಮೂರು ವರ್ಷ ಕಾಯಬೇಕು. ಉಳಿದಿದ್ದಕ್ಕ ಅಷ್ಟ ಕಾಯಬೇಕಾಗಿಲ್ಲ."

"ಇಷ್ಟ ಹೇಳಾಕ ವಾರ ಬೇಕಾತೇನ್ರಿ?"

ಅವನು ಅವ್ವನ ಕಡೆ ನೋಡಿದ, ಮತ್ತೆ ಅವಳ ಕಡೆ ನೋಡಿದ. "ಖರೆ ಹೇಳ್ತೇನ್ರಿ. ಅವತ್ತು ನಾ ಪಾಲಿಸಿ ಮಾಡಾಕಷ್ಟ ಬಂದಿರಲಿಲ್ಲ. ಹೆಂಗೂ ಹೊಂಟೀಯಲ್ಲ, ಹುಡುಗೀನ ನೋಡಿ ಬಾ ಅಂತ ಅತ್ತಿ ಹೇಳಿದ್ಲು. ನನಗ ಅವ್ವ ಇಲ್ಲ, ಸಾಕಿದಾಕಿ ಆಕಿನ. ಹುಡುಗಿ ಹೆಂಗದಾಳ ಅಂದ್ಲು, ಭಾಳ ಛಲೋ ಅದಾಳ ಅಂದೆ. ಆರೋಗ್ಯ ಅಂದ್ಲು, ನನ್ನ ಬಾಯಿ ಕಟ್ಟಿಬಿಡ್ತು."

"ಯಾಕ?"

"ನೀವು ಹೇಳಿದ್ದು ಏಜೆಂಟಗ. ನೋಡಾಕ ಬಂದ ಹುಡುಗಗಲ್ಲ. ಆ ಮಾತು ಅತ್ತಿಗೆ ಹೆಂಗ ಹೇಳ್ಲಿ? ಹೇಳದ ನಿಮ್ಮನ್ನ ಹೆಂಗ ಕೇಳ್ಲಿ?"

ವೈಶಾಲಿಗೆ ಈ ಮನುಷ್ಯ ತನಗೆ ಬೇಕು, ಬೇಕೇ ಬೇಕು ಅನ್ನಿಸಿತು. ಕೈ ಚಾಚಿದಳು.

"ನಿಮ್ಮ ಅತ್ತಿಗೆ ಫೋನ್ ಹಚ್ಚಿ ಕೊಡ್ರಿ."

"ಲೇ, ಹುಚ್ಚಗಿಚ್ಚ ಹಿಡದೈತೇನ ನಿನಗ!" ಎಂದು ಅವ್ವ ಕೂಗಿದಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಮುತ್ತವ್ವನ ದನಿ ಬಂದಿತ್ತು.

"ಅತ್ತಿಯವ್ರ, ನಾ ಬನಹಟ್ಟಿ ವೈಶಾಲಿ. ನಿಮ್ಮ ಶಿವಯೋಗಿಯವ್ರು ನನಗ ಪಸಂದ ಅದಾರ. ಆದ್ರ ನನಗ ಒಮ್ಮೆ ಫಿಟ್ಸ್ ಬಂದಿತ್ತು, ದಿನಾ ಗುಳಿಗಿ ತಗೋತೀನಿ. ಮುಂದ ಬರೂದ ಇಲ್ಲ ಅಂತ ನಾ ಹೇಳಂಗಿಲ್ಲ. ಮುಚ್ಚಿಟ್ಟು ನಿಮ್ಮ ಮನಿಗೆ ಬರೂದು ನನಗ ಬ್ಯಾಡ."

ಪಕ್ಕದ ಮನೆಯ ಮಗ್ಗ ಖಟಖಟ ಓಡುತ್ತಿತ್ತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಬಳಿ ಕುಸಿದು ಕೂತಳು. ಶಿವಯೋಗಿ ಎದ್ದು ವೈಶಾಲಿಯ ಪಕ್ಕ ಬಂದು ನಿಂತ.

"ಗುಳಿಗಿ ಊಟಕ್ಕ ಮೊದಲ ತಗೋತೀಯೋ, ಊಟ ಆದಮ್ಯಾಲೋ?" ಎಂದು ಕೇಳಿದಳು ಮುತ್ತವ್ವ.

"ಆದಮ್ಯಾಲರಿ," ಎಂದಳು ವೈಶಾಲಿ.

"ಹಂಗಾರ ರವಿವಾರ ಮುಧೋಳಕ್ಕ ಬಾ, ಲಗೂನ ಊಟಕ್ಕ ಹಾಕ್ತೇನಿ. ನಿಮ್ಮವ್ವನ್ನೂ ಕರಕೊಂಡ ಬಾ. ಅಳಬ್ಯಾಡ ಅಂತ ಹೇಳ ಆಕಿಗೆ, ಇಲ್ಲೀತನಕ ಕೇಳಸಾಕತ್ತೈತಿ."