ಹದಿನೈದು ನಿಮಿಷದ ಸರಾಸರಿ

ಇಬ್ಬರ ಮನಸ್ಸಿನ ಮಾತನ್ನು ಮೂರನೆಯವರು ಹೇಳುವುದು ಸರಿಯೋ ತಪ್ಪೋ ತಿಳಿಯದು. ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಎಲ್ಲಾದರೂ ಎಡವಿದರೆ ಅದು ಹೇಳುವವರ ತಪ್ಪು, ಅವರಿಬ್ಬರದಲ್ಲ.

ಎರಡು ಸಾವಿರದ ಒಂಬತ್ತರ ಮಾತು. ಬನಹಟ್ಟಿಯ ಗಿರಿಮಲ್ಲಪ್ಪ ಸಾವಕಾರರ ಪವರ್‌ಲೂಮ್ ಶೆಡ್ಡಿನಲ್ಲಿ ಆರನೇ ಮಗ್ಗ ಕಾವೇರಿಯದು. ಕೆಲವು ದಿನಗಳಿಂದ ಆ ಮಗ್ಗದಲ್ಲಿ ಲಾಳಿ ನಡುದಾರಿಯಲ್ಲೇ ಸಿಕ್ಕಿಕೊಂಡು ಹಾಸಿನ ಉದ್ದೆಳೆಗಳನ್ನು ಕಡಿಯುತ್ತಿತ್ತು. ಕರೆಂಟಿನ ದೋಷವಾದರೆ ರಿಪೇರಿ, ಕೈಯ ದೋಷವಾದರೆ ಮಗ್ಗ ಬೇರೆಯವರಿಗೆ ಎಂದು ಸಾವಕಾರರು ಹೇಳಿಬಿಟ್ಟಿದ್ದರು. ಕರೆಂಟು ಅಳೆಯಲು ಜಮಖಂಡಿಯಿಂದ ಬಂದವನು ಡಿಪ್ಲೊಮಾ ಓದಿದ ಅಮಸಿದ್ದಪ್ಪ. ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ, ಕರೆಂಟಿನ ಏರಿಳಿತ ಬರೆದಿಡುವ ಡೇಟಾಲಾಗರ್.

"ಇನ್ನೂರಾ ಮೂವತ್ತು ವೋಲ್ಟ್ ಸೀದಾ ಒಳಗ ಬಿಟ್ರ ಇದು ಸುಟ್ಟ ಹೋಗತೈತ್ರಿ," ಎಂದ ಅವನು, ವೈರು ಜೋಡಿಸುತ್ತ. "ಎರಡು ವೋಲ್ಟಿಗೆ ಇಳಿಸಿ ಕೊಡಬೇಕು. ಎಷ್ಟಕ್ಕ ಎಷ್ಟು ಅಂತ ಪ್ರೋಗ್ರಾಂನಾಗ ಬರೀಬೇಕು."

ತುಟಿಯ ನಡುವೆ ನೂಲಿನ ತುದಿ ಹಿಡಿದಿದ್ದ ಕಾವೇರಿ ಓರೆಗಣ್ಣಲ್ಲಿ ನೋಡಿದಳು. "ಭಾಳ ನಾಜೂಕ ಐತಿ ಬಿಡ್ರಿ. ನಿಮ್ಮಂಗ."

ಅವನು ಕೆಂಪು ವೈರನ್ನು ತಪ್ಪು ತೂತಿಗೆ ಹಾಕಿ, ಮತ್ತೆ ಬಿಚ್ಚಿದ.

ಎರಡು ದಿನ ಬಿಟ್ಟು ಪ್ರಿಂಟ್ ತೆಗೆದರೆ ವೋಲ್ಟೇಜಿನ ಗೆರೆ ನೆಟ್ಟಗೆ ಮಲಗಿತ್ತು. ಇನ್ನೂರ ಇಪ್ಪತ್ತೆಂಟು, ಇನ್ನೂರ ಇಪ್ಪತ್ತೊಂಬತ್ತು.

"ನೋಡಬೇ ಕಾವೇರಿ, ಕರೆಂಟ್ ಗಟ್ಟಿ ಐತಿ. ನಿನ್ನ ಕೈನ ಸಡಲ," ಎಂದರು ಸಾವಕಾರರು. "ಸೋಮಾರದಿಂದ ಈ ಮಗ್ಗಕ್ಕ ಬೋರವ್ವ ನಿಂದರತಾಳ."

ಕಾವೇರಿ ಅಳಲಿಲ್ಲ. ಮಗ್ಗ ಬಂದ್ ಮಾಡಿ ಅಮಸಿದ್ದಪ್ಪನ ಎದುರು ಬಂದು ನಿಂತಳು. ಮೊದಲ ಸಲ ಪೂರ್ತಿ ಮುಖವೆತ್ತಿ ನೋಡಿದಳು. ಅವನಿಗೆ ಕಣ್ಣು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಏನ್ರೀ, ನಿಮ್ಮ ಡಬ್ಬಿ ಎಷ್ಟೊತ್ತಿಗೊಮ್ಮೆ ನೋಡತೈತಿ?"

"ಸೆಕೆಂಡಿಗೊಮ್ಮೆ ನೋಡತೈತ್ರಿ. ಹದಿನೈದು ನಿಮಿಷಕ್ಕೊಮ್ಮೆ ಸರಾಸರಿ ತಗದು ಬರಕೋತೈತಿ."

"ಲಾಳಿ ಈ ಕಡಿಂದ ಆ ಕಡಿಗೆ ಹೋಗಾಕ ಹದಿನೈದು ನಿಮಿಷ ಬೇಕೇನ್ರಿ?"

ಅವನು ಪ್ರಿಂಟನ್ನು ಮತ್ತೆ ಬಿಡಿಸಿ ನೋಡಿದ.

"ದಿನಾ ಹತ್ತು ತಾಸು ಮಗ್ಗ ಛಲೋ ನಡಸತೇನಿ. ಒಂದ ಗಳಿಗಿ ಎಳಿ ಕಡಿತೈತಿ. ಸರಾಸರಿ ತಗದ್ರ ನಾನೂ ಛಲೋನ ಅದೀನ್ರಿ. ಹಂಗಂತ ಸಾವಕಾರ್ರಿಗೆ ಹೇಳ್ರಿ ನೋಡೂಣು!"

ಅವನಿಗೆ ನಗು ಬಂತು, ಹಿಂದೆಯೇ ನಾಚಿಕೆ. ಅಲ್ಲೇ ನೂಲಿನ ಚೀಲದ ಮೇಲೆ ಕೂತು ಪ್ರೋಗ್ರಾಂ ತಿದ್ದಿದ. ಸೆಕೆಂಡಿಗೆ ಹತ್ತು ಸಲ ನೋಡಬೇಕು. ನಿಮಿಷ ನಿಮಿಷಕ್ಕೂ ಎಲ್ಲಕ್ಕಿಂತ ಕೆಳಗಿಳಿದ ವೋಲ್ಟೇಜನ್ನು ಬರೆಯಬೇಕು. ಈ ಸಲ ಅವನ ಬೆರಳು ತಡವರಿಸಲಿಲ್ಲ.

ಶನಿವಾರದ ಪ್ರಿಂಟಿನಲ್ಲಿ ಎಂಟು ಕಡೆ ಗೆರೆ ನೂರಾ ಅರವತ್ತಕ್ಕೆ ಬಿದ್ದಿತ್ತು. ಎಂಟೂ ಸಲ, ಹಿಂದಿನ ಖೋಲಿಯಲ್ಲಿ ನೂಲಿಗೆ ಗಂಜಿ ಹಾಕುವ ಮಷೀನು ಶುರುವಾದ ಕ್ಷಣವೇ ಅದು. ಆಗ ಮಗ್ಗದ ಮೋಟರಿನ ಬಲ ಕುಗ್ಗಿ ಲಾಳಿ ನಡುದಾರಿಯಲ್ಲೇ ನಿಲ್ಲುತ್ತಿತ್ತು. ಮಷೀನಿಗೂ ಆರನೇ ಮಗ್ಗಕ್ಕೂ ಒಂದೇ ವೈರು ಎಳೆಸಿದವರು ಸಾವಕಾರರೇ.

ಸಾವಕಾರರ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಅಮಸಿದ್ದಪ್ಪ ಎಲ್ಲ ಮಗ್ಗದವರ ಎದುರೇ ಹೇಳಿದ: "ಕಾವೇರಿ ಅವರ ಕೈ ಸಡಲ ಇಲ್ರಿ ಸಾವಕಾರ್ರ. ಪ್ರೋಗ್ರಾಂ ನಾನ ತಪ್ಪ ಬರದಿದ್ದೆ."

ಸಾವಕಾರರು ಕೆಮ್ಮಿದರು. "ಆತು ಬಿಡು. ಬ್ಯಾರೆ ವೈರ ಎಳಸೂಣು. ಮಗ್ಗ ಅಕೀದ."

ಆಮೇಲೆ ಅವನು ತನ್ನ ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತ ಕೂತ.

"ಬಿಚ್ಚಾಕ ಇಷ್ಟೊತ್ತಾ?" ಎಂದಳು ಕಾವೇರಿ.

"ಬಿಚ್ಚಿದ್ರ ಹೋಗಬೇಕಾಗತೈತ್ರಿ."

"ಹೋಗ್ರಿ. ನಾಳಿ ಐತವಾರ ನಿಮ್ಮ ಅವ್ವನ್ನ ಕರಕೊಂಡ ನಮ್ಮನಿಗೆ ಬರ್ರಿ."

"ಯಾಕ್ರಿ?"

"ಹುಡುಗಿ ನೋಡಾಕ!"

"ನಾ ನೋಡೇನಲ್ರಿ," ಎಂದ ಅವನು, ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ. "ಬಂದ ದಿನದಿಂದ ಅದನ್ನ ಮಾಡಾಕತ್ತೇನಿ."

"ಗೊತ್ತೈತಿ. ಅದಕ್ಕ ಪ್ರೋಗ್ರಾಂ ತಪ್ಪೇತಿ."

ಐತವಾರ ಅವರು ಬಂದರು. ಅವ್ವಂದಿರು ಒಪ್ಪಿದರು. ಮುಂದೆ ಬೀರಪ್ಪನ ಗುಡಿಯಲ್ಲಿ ಮದುವೆಯ ಅಕ್ಕಿಕಾಳೂ ಬಿತ್ತು. ಇಷ್ಟು ಗೊತ್ತು. ಕಾವೇರಿಗೆ ಅವನ ಮೇಲೆ ಮನಸ್ಸಾದದ್ದು ಅವನು ತಪ್ಪು ಒಪ್ಪಿಕೊಂಡಾಗಲೋ, ಅದಕ್ಕೂ ಮೊದಲೋ? ಅಮಸಿದ್ದಪ್ಪ ಎಷ್ಟೋ ಸಲ ಕೇಳಿದ್ದಾನೆ, ಅವಳು ಹೇಳಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.