ಎರಡು ಬೆರಳು ಸ್ಪಂಜು

ಚಿಕ್ಕ ಮೇಸ್ತ್ರಿ ಆರನೆಯ ಸಲ ಹಳೆಯ ಬೈಕಿನ ಪ್ಲಗ್ ಬಿಚ್ಚಿದಳು. ಮತ್ತೆ ಕಪ್ಪು. ಕಣ್ಣಿಗೆ ಹಚ್ಚಿಕೊಳ್ಳಬಹುದು, ಅಷ್ಟು ಮಸಿ.

ತಲೆಯೆತ್ತಿದರೆ ಪಕ್ಕದ ಅಂಗಡಿಯ ಸೀಟ್ ಟೈಲರ್ ಬಾಗಿಲಲ್ಲಿ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಅವನ ನೋಟ ಅವಳ ಮೂಗಿನ ತುದಿಗೆ ಬಂದು ಅಲ್ಲೇ ಬೀಡುಬಿಟ್ಟಿತ್ತು.

"ಮೂಗಿಗೆ ಮಸಿ ಆಗಿದೆ," ಎಂದ.

"ಮೂಗು ನಂದು. ಇರಲಿ ಬಿಡಿ."

ಅವನು ಬಂದದ್ದು ಸೀಟು ಹಿಡಿಸಿತೇ ಎಂದು ಕೇಳಲು. ಆ ಹಳೆಯ ಬೈಕಿಗೆ ಹೋದ ವಾರವಷ್ಟೇ ಹೊಸ ಸೀಟು ಹೊಲಿದುಕೊಟ್ಟಿದ್ದ. ತನ್ನ ಹೊಲಿಗೆಗೆ ಸಾಟಿಯಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ. ಇಂಜಿನ್ ಚಿಂತೆಯಲ್ಲಿದ್ದ ಅವಳು, ಸೀಟಿನ ಮಾತು ಆಮೇಲೆ ಎಂದು ಗಡುಸಾಗಿ ಹೇಳಿಬಿಟ್ಟಳು. ಸೀಟು ಹಿಡಿಸಲಿಲ್ಲವೆಂದೇ ತಿಳಿದು ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಅವಳಿಗೆ ಚುರುಕ್ಕೆಂದಿತು. ಆದರೆ ಕರೆದು ಸಮಾಧಾನ ಹೇಳುವ ಜಾಯಮಾನ ಅವಳದಲ್ಲ.

ಹೊತ್ತೂ ಇರಲಿಲ್ಲ. ಅವಳ ಅಪ್ಪ, ಎಲ್ಲರ ಬಾಯಲ್ಲಿ ದೊಡ್ಡ ಮೇಸ್ತ್ರಿ, ನಲವತ್ತು ವರ್ಷ ಈ ಗ್ಯಾರೇಜು ನಡೆಸಿದವರು. ಕೈ ನಡುಗತೊಡಗಿದ ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಣ್ಣುಮುಚ್ಚಿ ಇಂಜಿನ್ನುಗಳ ಸದ್ದು ಕೇಳುತ್ತಾರೆ. ಆ ಬೈಕು ಅವರ ಮೊದಲ ಬೈಕು. ಹತ್ತು ವರ್ಷ ಮೂಲೆಯಲ್ಲಿ ತುಕ್ಕು ಹಿಡಿದಿದ್ದದ್ದನ್ನು ಮಗಳು ಒಂದೊಂದೇ ಬೋಲ್ಟು ಬಿಚ್ಚಿ ಮತ್ತೆ ನಿಲ್ಲಿಸಿದ್ದಳು. ಅದನ್ನು ನೋಡಿ ಅಪ್ಪ ಅಂದೇ ಬೆಳಿಗ್ಗೆ ಒಂದು ಪಂದ್ಯ ಇಟ್ಟಿದ್ದರು.

"ನಾಳೆ ಬೆಳಿಗ್ಗೆ ನನ್ನನ್ನ ಹಿಂದೆ ಕೂರಿಸ್ಕೊಂಡು ಗುಡ್ಡ ಹತ್ತು. ಮೇಲೆ ಪ್ಲಗ್ ಬಿಚ್ಚಿ ನೋಡೋಣ. ಬಿಸ್ಕತ್ತಿನ ಬಣ್ಣ ಇದ್ರೆ ಇಂಜಿನ್ ಸರಿಯಿದೆ ಅಂತ, ಗ್ಯಾರೇಜಿನ ಬೋರ್ಡಿನ ಮೇಲೆ ನಿನ್ನ ಹೆಸರು. ಕಪ್ಪಿದ್ರೆ ನನ್ನ ಹಳೇ ಶಿಷ್ಯನ್ನ ಕರೆಸ್ತೀನಿ, ಗ್ಯಾರೇಜು ಅವನು ನೋಡ್ಕೊಳ್ಲಿ."

ಈಗ ನೋಡಿದರೆ ಬೈಕಿಗೆ ಇದೊಂದು ರೋಗ: ಪೆಟ್ರೋಲು ಹೆಚ್ಚಾಗಿ, ಗಾಳಿ ಸಾಲದೆ, ಸೈಲೆನ್ಸರಿನಿಂದ ಕರಿಹೊಗೆ. ಅವಳು ಏರ್ ಫಿಲ್ಟರ್ ತೊಳೆದಳು. ಚೋಕ್ ಪೂರ್ತಿ ಬಿಡುತ್ತದೆಯೇ ಎಂದು ನೋಡಿದಳು. ಕಾರ್ಬುರೇಟರ್ ಬಿಚ್ಚಿ ಸವೆದ ಸೂಜಿ ಬದಲಾಯಿಸಿದಳು, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಎರಡು ಸಲ ಅಳೆದಳು. ಸೀಟು ತೆಗೆದು ಗ್ಯಾರೇಜಿನೊಳಗೆ ಚಾಲೂ ಮಾಡಿದರೆ ಇಂಜಿನ್ ಹಾಡುತ್ತಿತ್ತು. ಸೀಟು ಕೂರಿಸಿ ರಸ್ತೆಗಿಳಿದರೆ ಅದೇ ಮಂಕು, ಅದೇ ಹೊಗೆ. ತನ್ನ ಮರ್ಯಾದೆ ತೆಗೆಯಲೆಂದೇ ಈ ಬೈಕು ಪಣ ತೊಟ್ಟಿದೆ ಎನಿಸಿತು ಅವಳಿಗೆ.

ಮಧ್ಯಾಹ್ನ ಸೋತು, ಸ್ಟ್ಯಾಂಡಿನ ಮೇಲೆ ಓಡುತ್ತಿದ್ದ ಬೈಕಿನ ಮೇಲೇ ಕುಸಿದು ಕುಳಿತಳು. ಇಂಜಿನ್ನಿನ ಸದ್ದು ಇಳಿಯಿತು.

ಎದ್ದಳು. ಸದ್ದು ಏರಿತು. ಕುಳಿತಳು. ಇಳಿಯಿತು.

"ಏನಮ್ಮಾ ಅದು ಆಟ?" ಅಪ್ಪ ಕಣ್ಣುಮುಚ್ಚಿಕೊಂಡೇ ಕೇಳಿದರು.

ಅವಳು ಸೀಟು ತೆಗೆದು ಬೋರಲು ಹಾಕಿದಳು. ತಗಡಿನ ಅಡಿಯಲ್ಲಿ ಎರಡು ಬೆರಳು ದಪ್ಪದ ಸ್ಪಂಜಿನ ಪಟ್ಟಿ, ಅಚ್ಚುಕಟ್ಟಾಗಿ ಹೊಲಿದದ್ದು, ಸರಿಯಾಗಿ ಏರ್ ಫಿಲ್ಟರಿನ ಬಾಯಿಯ ಮೇಲೆ. ಯಾರಾದರೂ ಕುಳಿತೊಡನೆ ಸೀಟು ತಗ್ಗಿ ಆ ಬಾಯಿ ಮುಚ್ಚಿಹೋಗುತ್ತಿತ್ತು. ಆರು ಸಲ ಸೀಟು ಬಿಚ್ಚಿದ್ದಳು. ಆರು ಸಲವೂ ಅದಕ್ಕೊಂದು ಗೀರು ತಾಗದಂತೆ ಬಟ್ಟೆ ಹಾಸಿ, ಹೊಲಿಗೆ ಕಾಣುವಂತೆ ಮೇಲ್ಮುಖವಾಗಿ ಇಟ್ಟಿದ್ದಳು. ಒಮ್ಮೆಯೂ ಅಡಿ ತಿರುಗಿಸಿ ನೋಡಿರಲಿಲ್ಲ. ಇಡೀ ಬೈಕಿನಲ್ಲಿ ಅಷ್ಟು ಜೋಪಾನ ಮಾಡಿದ್ದು ಅದೊಂದನ್ನೇ ಎಂದು ಹೊಳೆದಾಗ ಅವಳ ಕಿವಿ ಬಿಸಿಯಾಯಿತು.

ಸಿಟ್ಟು ಬರದೆ ಇರಲಿಲ್ಲ. ಆದರೆ ಅಪ್ಪನ ಕಾಯಿದೆ ಅವಳಿಗೆ ಗೊತ್ತು. ಕೊಟ್ಟ ಅಳತೆ ಮೀರಿದವನು ಈ ಹೊಸಿಲನ್ನು ಎರಡನೆಯ ಸಲ ತುಳಿಯುವಂತಿಲ್ಲ. ಬ್ಲೇಡಿನಿಂದ ಪಟ್ಟಿ ಕತ್ತರಿಸಿ ಜೇಬಿಗೆ ತುರುಕಿಕೊಂಡಳು. ಗಾಳಿಯ ದಾರಿ ಮುಚ್ಚಿತ್ತು, ಬಿಡಿಸಿದೆ ಎಂದಷ್ಟೇ ಅಪ್ಪನಿಗೆ ಹೇಳಿದಳು. ಏನು ಮುಚ್ಚಿತ್ತು ಎಂದು ಅವರು ಕೇಳಿದಾಗ ಸ್ಪಂಜು ಎನ್ನಲೇಬೇಕಾಯಿತು.

"ಯಾರದ್ದು?"

ಅವಳು ಜೇಬಿನ ಮೇಲೆ ಕೈಯಿಟ್ಟುಕೊಂಡಳು.

"ನಂದು, ಮೇಸ್ತ್ರಿ."

ಇಂಜಿನ್ನಿನ ಆ ವಿಚಿತ್ರ ಸದ್ದು ಕೇಳಿ ಟೈಲರ್ ಬಾಗಿಲಿಗೆ ಬಂದಿದ್ದ. "ನೀವು ಕೊಟ್ಟ ಅಳತೇಲಿ ಅದಿರಲಿಲ್ಲ, ನಾನೇ ಸೇರಿಸಿದೆ. ಗುಡ್ಡದ ರಸ್ತೆ ಕುಲುಕುತ್ತೆ. ಇವರು ಸಂಜೆ ಬೆನ್ನು ಹಿಡ್ಕೊಂಡು ಏಳೋದನ್ನ ದಿನಾ ನೋಡ್ತೀನಿ."

"ದಿನಾ ನೋಡ್ತೀಯಾ?"

"ದಿನಾ," ಎಂದ. ತಲೆ ತಗ್ಗಿಸಲಿಲ್ಲ.

ಅಪ್ಪ ಕಣ್ಣು ತೆರೆದು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಅವಳು ಸ್ಪಾನರನ್ನು ಬಿಗಿಹಿಡಿದು ನಿಂತಳು. ಬೋರ್ಡಿನ ಯೋಚನೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲೇ ಇರಲಿಲ್ಲ.

"ನಾಳೆ ನಾನು ಬರಲ್ಲ," ಎಂದರು ಅಪ್ಪ ಕೊನೆಗೆ. "ಬೆನ್ನು ನಂಗೂ ಇದೆ. ತಪ್ಪು ಮಾಡಿದವನೇ ಹಿಂದೆ ಭಾರವಾಗಿ ಕೂರಲಿ."

ಮರುದಿನ ಬೆಳಿಗ್ಗೆ ಬೈಕು ಗುಡ್ಡ ಹತ್ತಿತು. ಕೈ ಎಲ್ಲಿಡುವುದೆಂದು ತಿಳಿಯದೆ ಅವನು ಮೊದಲ ತಿರುವಿನವರೆಗೆ ತನ್ನ ಟೇಪನ್ನೇ ಹಿಡಿದುಕೊಂಡಿದ್ದ. ಬಿದ್ದರೆ ತಾನು ಹೊಣೆಯಲ್ಲ ಎಂದು ಅವಳು ಕನ್ನಡಿಯಲ್ಲಿ ನೋಡುತ್ತಾ ಹೇಳಿದ ಮೇಲೆ ಅವಳ ಭುಜ ಹಿಡಿದ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿ, ಅವಳೇ ಮೊದಲು ರಸ್ತೆಯ ಕಡೆ ನೋಡಿದಳು. ಹಿಂದೆ ಹೊಗೆಯಿರಲಿಲ್ಲ.

ಮೇಲೆ ಇಂಜಿನ್ ನಿಲ್ಲಿಸಿ ಬಟ್ಟೆಯಲ್ಲಿ ಪ್ಲಗ್ ಹಿಡಿದು ಬಿಚ್ಚಿದಳು. ತಿಳಿಗಂದು, ಬಿಸ್ಕತ್ತಿನ ಬಣ್ಣ. ಎದೆ ತುಂಬಿ ಬಂತು. ಇದನ್ನು ಮಾಡಿದ್ದು ನಾನು, ನನ್ನ ಕೈ, ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಹೇಳಬೇಕೆನಿಸಿತು. ಹೇಳಿದ್ದು ಬೇರೆ.

"ಅಪ್ಪನ ಎದುರು ತಪ್ಪು ಒಪ್ಪಿಕೊಂಡವರನ್ನ ನಾನು ನಿನ್ನೆವರೆಗೂ ನೋಡಿರಲಿಲ್ಲ. ನಾನೇ ಒಪ್ಪಿಕೊಂಡಿಲ್ಲ. ನಿನ್ನೆ ನಿಮ್ಮನ್ನ ನೋಡಿ ಹೆಮ್ಮೆ ಆಯ್ತು."

ಅವನು ಸೀಟಿನ ಮೇಲೆ ಬೆರಳಾಡಿಸಿದ. "ಆರು ಸಲ ಬಿಚ್ಚಿದ್ರಂತೆ. ಒಂದು ಗೀರೂ ಇಲ್ಲ. ಹಿಡಿಸಲಿಲ್ಲ ಅಂದ್ಕೊಂಡಿದ್ದೆ."

"ಹಿಡಿಸಿದೆ. ಆದ್ರೆ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಿ. ಸೀಟಿನ ಅಡಿ ಹೊಲೀಬೇಡಿ."

"ನೀವಂದ್ರೆ ನಂಗೆ ಪ್ರಾಣ," ಎಂದ ಅವನು, ಒಂದೇ ಉಸಿರಿಗೆ.

ಅವಳು ಜೇಬಿನಿಂದ ಆ ಸ್ಪಂಜಿನ ಪಟ್ಟಿ ತೆಗೆದು ತೋರಿಸಿದಳು. ಎಸೆಯಲು ಮನಸ್ಸಾಗಲಿಲ್ಲ, ನನಗೂ ಹಾಗೇ, ಎಂದಳು.

ಕೆಳಗೆ ಗ್ಯಾರೇಜಿನಲ್ಲಿ ದೊಡ್ಡ ಮೇಸ್ತ್ರಿ ಮತ್ತೆ ಬಿಚ್ಚಿಸಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಡುಗುವ ಕೈಯಲ್ಲೂ ಅದನ್ನು ಬೀಳಿಸದೆ ಅಂಗಿಯ ಜೇಬಿಗೆ ಇಳಿಸಿಕೊಂಡರು. ಆಮೇಲೆ ಟೈಲರನ ಕಡೆ ತಿರುಗಿದರು.

"ಟೇಪು ತಗೊಂಡು ಆ ಬೋರ್ಡ್ ಅಳೆ. ನನ್ನ ಮಗಳ ಹೆಸರು ಹಿಡಿಸಬೇಕು. ಈ ಸಲ ಒಂದು ಬೆರಳೂ ಜಾಸ್ತಿ ಬೇಡ."

"ಎರಡು ಬೆರಳು ಜಾಸ್ತಿ ಇರಲಿ, ಅಪ್ಪಾ," ಎಂದಳು ಚಿಕ್ಕ ಮೇಸ್ತ್ರಿ. "ಕೆಳಗೆ ಇವರ ಹೆಸರೂ ಬರೆಸ್ಬೇಕು."